ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ, ಒಳಗೆ ನೋಡಿಸಿ

ಸಂಪಾದಕರಿಗೆ ನಮಸ್ಕಾರ.

ಇದು ನಿಮ್ಮ ಪತ್ರಿಕೆಯ ಮೇಲಿನ ದೂರಲ್ಲ, ಪತ್ರಿಕೆಯ ಒಳಗೆ ಮಡಚಿ ಬರುವ ಕರಪತ್ರದ ಮೇಲಿನ ದೂರು. ಮಂಡ್ಯದ ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದರೆ ಆಗಾಗ ಒಂದು ಹಳದಿ ಚೀಟಿ ಕೆಳಗೆ ಬೀಳುತ್ತದೆ. ಮೂಲವ್ಯಾಧಿಯೇ, ರಕ್ತ ಹೋಗುತ್ತಿದೆಯೇ, ಆಪರೇಷನ್ ಇಲ್ಲದೆ ಶಾಶ್ವತ ಪರಿಹಾರ, ಇಂಥ ದಿನ ಇಂಥ ಲಾಡ್ಜಿನಲ್ಲಿ ಭೇಟಿ ಮಾಡಿ. ಅದನ್ನು ಪೇಪರಿಗೆ ಸೇರಿಸುವವರು ಏಜೆಂಟರು, ನೀವಲ್ಲ, ಅದು ಗೊತ್ತು. ಬಸ್ ಸ್ಟ್ಯಾಂಡಿನ ಗೋಡೆ, ಕರೆಂಟ್ ಕಂಬ, ಸಾರ್ವಜನಿಕ ಶೌಚಾಲಯದ ಬಾಗಿಲು ಎಲ್ಲಾ ಕಡೆ ಇದೇ ಸಾಲು ಇದೆ. ಆ ಚೀಟಿಯಲ್ಲಿ ಪ್ರಶ್ನೆ ಸರಿಯಾಗೇ ಇದೆ. ರಕ್ತ ಹೋಗುತ್ತಿದೆಯಾ ಅಂತ ಕೇಳಲೇಬೇಕು. ಆದರೆ ಕೇಳಿದ ಮೇಲೆ ಒಳಗೆ ನೋಡಬೇಕಲ್ಲ. ಅದನ್ನು ಯಾರೂ ಮಾಡುವುದಿಲ್ಲ.

ನಾನು ಮೈಸೂರಿನ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ವಿಭಾಗದಲ್ಲಿ ಸ್ಟಾಫ್ ನರ್ಸ್. ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಡುತ್ತೇನೆ. ಡಾಕ್ಟರ್ ಅಲ್ಲ, ಹಾಗಾಗಿ ಔಷಧಿ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಕ್ಯಾಮೆರಾ ಒಳಗೆ ಹೋದಾಗ ಪರದೆಯ ಮೇಲೆ ಏನು ಕಾಣುತ್ತದೆ, ಆ ಕ್ಷಣದಲ್ಲಿ ಡಾಕ್ಟರ ಮುಖ ಹೇಗಾಗುತ್ತದೆ, ಹೊರಗೆ ಬೆಂಚಿನ ಮೇಲೆ ಕೂತ ಮನೆಯವರು ಅದಕ್ಕೆ ಮೊದಲು ಎಷ್ಟು ಕಡೆ ಸುತ್ತಿ ಬಂದಿರುತ್ತಾರೆ ಅನ್ನುವುದನ್ನು ತುಂಬಾ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ನಾನು ಹೇಳುವುದು ಒಂದೇ ವಿಷಯ. ಮಲದಲ್ಲಿ ರಕ್ತ ಕಂಡರೆ, ಅದು ಮೂಲವ್ಯಾಧಿ ಅಂತ ಒಳಗೆ ನೋಡಿದವರು ಹೇಳಬೇಕು. ಅಂಗಡಿಯವನು, ಪಕ್ಕದ ಮನೆಯವರು, ಲಾಡ್ಜಿನಲ್ಲಿ ಕೂತವನು, ಕೊನೆಗೆ ನೀವೇ ಆದರೂ ಊಹೆ ಮಾಡಿ ಹೇಳಬಾರದು.

ಹೆದರಿಸುವುದಕ್ಕೆ ಬರೆಯುತ್ತಿಲ್ಲ. ರಕ್ತ ಹೋಗುವವರಲ್ಲಿ ಹೆಚ್ಚಿನವರಿಗೆ ಮೂಲವ್ಯಾಧಿಯೋ ಫಿಶರೋ (ಗುದದ್ವಾರದಲ್ಲಿ ಆಗುವ ಸೀಳು) ಇರುತ್ತದೆ, ಕ್ಯಾನ್ಸರ್ ಇರುವುದಿಲ್ಲ. ನಮ್ಮ ದೇಶದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಮೆರಿಕ, ಯುರೋಪಿನಷ್ಟು ಇಲ್ಲ ಅನ್ನುವುದೂ ನಿಜ. ಪ್ರಪಂಚದ ಲೆಕ್ಕ ತೆಗೆದುಕೊಂಡರೆ ಮಾತ್ರ ಇದು ಸಣ್ಣ ಕಾಯಿಲೆ ಅಲ್ಲ. 2022ರ ಅಂದಾಜಿನಲ್ಲಿ ಒಂದೇ ವರ್ಷಕ್ಕೆ ಸುಮಾರು 19 ಲಕ್ಷ ಜನರಿಗೆ ಹೊಸದಾಗಿ ಬಂದಿದೆ, ಸುಮಾರು 9 ಲಕ್ಷ ಜನ ತೀರಿಕೊಂಡಿದ್ದಾರೆ. ನಮ್ಮಲ್ಲಿ ಈ ಕಾಯಿಲೆ ಬರುವವರು ಕಡಿಮೆ, ಆದರೆ ಬಂದವರು ಆಸ್ಪತ್ರೆಗೆ ಲೇಟಾಗಿ ಬರುತ್ತಾರೆ. ಕಷ್ಟ ಇರುವುದೇ ಇಲ್ಲಿ.

ಪಾಂಡವಪುರದ ಕಡೆಯ ಒಬ್ಬ ಕಬ್ಬು ಬೆಳೆಯುವ ಯಜಮಾನರು ಬಂದಿದ್ದರು, ವಯಸ್ಸು ಅರವತ್ತರ ಹತ್ತಿರ. ಹೆಸರು ಬೇಡ. ಪಂಚೆ ಬಿಚ್ಚಿ ಆಸ್ಪತ್ರೆಯ ಗೌನ್ ಹಾಕಿಕೊಳ್ಳುವುದಕ್ಕೇ ಅರ್ಧ ಗಂಟೆ ಸಂಕೋಚ ಪಟ್ಟರು. "ಮೈಯೆಲ್ಲ ಉಷ್ಣ ಕಣವ್ವ, ಗದ್ದೇಲಿ ಬಿಸಿಲು ನೋಡು, ಅದ್ಕೇ ಒಸಿ ರಕ್ತ ಬತ್ತದೆ, ಮೂಲವ್ಯಾಧಿ ಅಷ್ಟೇಯ" ಅಂದರು. ಎಷ್ಟು ದಿನದಿಂದ ಯಜಮಾನ್ರೇ ಅಂದೆ. ಹೋದ ವರ್ಷ ಕಬ್ಬು ಕಡಿಯುವಾಗಿಂದ ಅಂದರು, ಅಂದರೆ ವರ್ಷ ದಾಟಿದೆ. ಅಷ್ಟರಲ್ಲಿ ಸುವರ್ಣಗೆಡ್ಡೆ ತಿಂದಿದ್ದಾರೆ, ಮುಟ್ಟಿದರೆ ಮುನಿ ಸೊಪ್ಪಿನ ರಸ ಕುಡಿದಿದ್ದಾರೆ, ಮೆಡಿಕಲ್ ಸ್ಟೋರಿನಿಂದ ಮುಲಾಮು ತಂದು ಹಚ್ಚಿದ್ದಾರೆ, ಒಂದು ಕಡೆ ಸಾವಿರಗಟ್ಟಲೆ ಕೊಟ್ಟು ಕಟ್ಟು ಕಟ್ಟಿಸಿಕೊಂಡಿದ್ದಾರೆ. ದಿನಕ್ಕೆ ಎಷ್ಟು ಸಲ ಹೋಗ್ತೀರಿ ಅಂತ ಕೇಳಿದರೆ, "ಏಳೆಂಟು ಸಲ ಹೋದ್ರೂ ಪೂರ್ತಿ ಆಯ್ತು ಅನ್ಸಕಿಲ್ಲ ಕಣವ್ವ" ಅಂದರು. ನನಗೆ ಆ ಮಾತು ಕೇಳಿದಾಗಲೇ ಅನುಮಾನ ಬಂತು.

ಕ್ಯಾಮೆರಾ ಹಾಕುವ ಮೊದಲು ಡಾಕ್ಟರು ಗ್ಲೌಸ್ ಹಾಕಿಕೊಂಡು ಬೆರಳಿಟ್ಟು ನೋಡುವುದು ನಿಯಮ. ನೋಡಿದರು. ಬೆರಳಿಗೇ ಸಿಕ್ಕಿತು, ಗಟ್ಟಿಯಾದ, ಒರಟಾದ ಗಡ್ಡೆ. ಬೆರಳು ಹೊರಗೆ ತೆಗೆದಾಗ ಗ್ಲೌಸಿನ ತುದಿಯಲ್ಲಿ ರಕ್ತ. ಒಂದು ವರ್ಷದಲ್ಲಿ ಅವರು ಹೋದ ಯಾವ ಕಡೆಯೂ ಯಾರೂ ಬೆರಳಿಟ್ಟು ನೋಡಿರಲಿಲ್ಲ. ಇದಕ್ಕೆ ಮೆಷಿನ್ ಬೇಡ, ಸ್ಕ್ಯಾನಿಂಗ್ ಬೇಡ, ಕರೆಂಟೂ ಬೇಡ. ಒಂದು ಗ್ಲೌಸ್, ಸ್ವಲ್ಪ ಜೆಲ್ಲಿ, ಒಂದು ನಿಮಿಷ ಸಾಕು. ಬೆರಳಿಗೆ ಸಿಗುವುದು ಗುದನಾಳದ, ಅಂದರೆ ದೊಡ್ಡ ಕರುಳಿನ ಕೊನೆಯ ಭಾಗದ, ಕೆಳಗಿನ ಏಳೆಂಟು ಸೆಂಟಿಮೀಟರ್ ಅಷ್ಟೇ, ನಿಜ. ಆದರೆ ನಮ್ಮ ದೇಶದಲ್ಲಿ ಗುದನಾಳದಲ್ಲೇ ಬರುವ ಗಡ್ಡೆಗಳು ಸಾಕಷ್ಟಿವೆ, ಹಾಗಾಗಿ ಈ ಒಂದು ನಿಮಿಷಕ್ಕೆ ತುಂಬಾ ಬೆಲೆ ಇದೆ. ರೋಗಿಗೆ ನಾಚಿಕೆ, ಡಾಕ್ಟರಿಗೆ ಟೈಮಿಲ್ಲ, ಹೊರಗೆ ಟೋಕನ್ ಹಿಡಿದು ನಿಂತವರ ಗಲಾಟೆ. ಇಬ್ಬರಿಗೂ ಬೇಡವಾದ ಪರೀಕ್ಷೆ ಹಾಗೇ ಬಿಟ್ಟುಹೋಗುತ್ತದೆ. ಇದನ್ನು ಹೇಳಿದರೆ ಡಾಕ್ಟರುಗಳಿಗೆ ಕೋಪ ಬರಬಹುದು, ಬರಲಿ.

ಇನ್ನೊಂದು ತಪ್ಪು ತಿಳಿವಳಿಕೆ. ಆ ಯಜಮಾನರಿಗೆ ಮೂಲವ್ಯಾಧಿಯೂ ಇತ್ತು! ಹೊರಗಡೆಯೇ ಕಾಣುತ್ತಿತ್ತು. ಮೂಲವ್ಯಾಧಿ ಇದೆ ಅಂದ ಮಾತ್ರಕ್ಕೆ ಮೇಲೆ ಬೇರೆ ಏನೂ ಇಲ್ಲ ಅಂತ ಅಲ್ಲ. ಎರಡೂ ಒಟ್ಟಿಗೇ ಇರಬಹುದು. ಬಾಗಿಲಲ್ಲೇ ಒಂದು ಕಾರಣ ಸಿಕ್ಕಿಬಿಟ್ಟರೆ ಯಾರೂ ಒಳಗೆ ಹೋಗಿ ನೋಡುವುದಿಲ್ಲ, ಮೋಸ ಆಗುವುದು ಅಲ್ಲೇ.

ಹಾಗಾದರೆ ವ್ಯತ್ಯಾಸ ಗೊತ್ತಾಗುವುದಿಲ್ವಾ ಅಂತ ನೀವು ಕೇಳಬಹುದು. ಅಂದಾಜು ಮಾಡಬಹುದು. ಮೂಲವ್ಯಾಧಿಯಲ್ಲಿ ರಕ್ತ ಸಾಮಾನ್ಯವಾಗಿ ಕೆಂಪಗೆ, ಮಲ ಹೋದ ಮೇಲೆ ತೊಟ್ಟು ತೊಟ್ಟಾಗಿಯೋ ಚಿಮ್ಮಿಯೋ ಬರುತ್ತದೆ, ನೋವು ಕಡಿಮೆ. ಫಿಶರ್ ಆದರೆ ಹೋಗುವಾಗ ಕೊಯ್ದಷ್ಟು ನೋವು, ಆಮೇಲೂ ಉರಿ. ಕ್ಯಾನ್ಸರಿನಲ್ಲಿ ರಕ್ತ ಮಲದ ಜೊತೆ ಬೆರೆತು ಬರಬಹುದು, ಲೋಳೆ ಜೊತೆಗಿರಬಹುದು, ಹೋಗಿ ಬಂದರೂ ಮತ್ತೆ ಹೋಗಬೇಕು ಅನ್ನಿಸಬಹುದು, ಮಲ ಮೊದಲಿಗಿಂತ ತೆಳ್ಳಗಾಗಬಹುದು, ಇಷ್ಟು ವರ್ಷ ಸರಿಯಾಗಿದ್ದ ಹೊಟ್ಟೆ ಒಂದು ತಿಂಗಳಿಂದ ಒಂದು ದಿನ ಕಟ್ಟಿಕೊಂಡು ಇನ್ನೊಂದು ದಿನ ಸಡಿಲ ಆಗಬಹುದು. ಆದರೆ ಕೆಳಗಿನ ಗುದನಾಳದ ಗಡ್ಡೆಯಿಂದಲೂ ಅಚ್ಚ ಕೆಂಪು ರಕ್ತವೇ ಬರುತ್ತದೆ. ಬಣ್ಣ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ, ಅವರು ಎಂಥ ಅನುಭವಿಗಳಾದರೂ ಸರಿ.

ರಕ್ತವೇ ಕಾಣದ ಇನ್ನೊಂದು ವಿಧ ಇದೆ, ನನಗೆ ಅದರ ಬಗ್ಗೆ ಜಾಸ್ತಿ ಭಯ. ದೊಡ್ಡ ಕರುಳಿನ ಬಲಗಡೆ ಭಾಗ ಅಗಲವಾಗಿರುತ್ತದೆ, ಅಲ್ಲಿ ಮಲ ಇನ್ನೂ ನೀರಾಗಿರುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ದಾರಿ ಬೇಗ ಕಟ್ಟುವುದಿಲ್ಲ, ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಸ್ವಲ್ಪ ಸ್ವಲ್ಪವೇ ರಕ್ತ ಸೋರಿ ಮಲದಲ್ಲಿ ಕಲೆತು ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಏನು? ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ. "ರಕ್ತ ಕಮ್ಮಿ ಆಗಿದೆ, ಸೊಪ್ಪು ತಿನ್ನಿ, ದಾಳಿಂಬೆ ತಿನ್ನಿ" ಅಂತ ಐರನ್ ಮಾತ್ರೆ ಕೊಡುತ್ತಾರೆ. ಮಾತ್ರೆ ನುಂಗುವಾಗ ಸ್ವಲ್ಪ ಏರುತ್ತದೆ, ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ. ಹರೆಯದ ಹುಡುಗಿಗೆ, ಬಸುರಿಗೆ ರಕ್ತ ಕಡಿಮೆ ಆಗುವುದು ಬೇರೆ. ಆದರೆ ಮುಟ್ಟು ನಿಂತ ಹೆಂಗಸಿಗೆ, ಗಟ್ಟಿಮುಟ್ಟಾಗಿದ್ದ ಗಂಡಸಿಗೆ ಕಬ್ಬಿಣದ ಅಂಶ ಕಡಿಮೆಯಾಗಿ ಹಿಮೋಗ್ಲೋಬಿನ್ ಇಳಿದರೆ ಆ ರಕ್ತ ಎಲ್ಲಿಗೆ ಹೋಯಿತು ಅಂತ ಹುಡುಕಬೇಕು. ಬಾಯಿಂದಲೂ ಕೆಳಗಿನಿಂದಲೂ ಎರಡೂ ಕಡೆ ಕ್ಯಾಮೆರಾ ಹಾಕಿ ನೋಡುತ್ತಾರೆ. ಫುಟ್‌ಬಾಲ್‌ನ ಪೆಲೆ ಅವರಿಗೆ 2021ರಲ್ಲಿ ಗಡ್ಡೆ ಸಿಕ್ಕಿದ್ದು ಇದೇ ಬಲಗಡೆ ಕರುಳಿನಲ್ಲಿ, ಮಾಮೂಲಿ ತಪಾಸಣೆಗೆ ಹೋದಾಗ. 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಬಾಯಿಂದಲೂ ಕೆಳಗಿನಿಂದಲೂ ಅಂತ ಬಿಡಿಸಿ ಬರೆದಿದ್ದಕ್ಕೆ ಕಾರಣ ಇದೆ. ಮಳವಳ್ಳಿ ಕಡೆಯ ಒಬ್ಬ ತಾಯಿಯ ಮಗ ಫೈಲ್ ಹಿಡಿದು ನನ್ನ ಜೊತೆ ಜಗಳಕ್ಕೇ ನಿಂತ. "ಎಂಡೋಸ್ಕೋಪಿ ಆಗ್ಲೇ ಮಾಡ್ಸಿದ್ದೀವಿ ಸಿಸ್ಟರ್, ನಾರ್ಮಲ್ ಬಂದಿದೆ, ಮತ್ತೆ ದುಡ್ಡು ಕೀಳೋಕೆ ಇನ್ನೊಂದಾ?" ಅಂದ. ಅವನದೂ ತಪ್ಪಲ್ಲ, ಯಾರೂ ಬಿಡಿಸಿ ಹೇಳಿರಲಿಲ್ಲ. ಬಾಯಿಂದ ಹಾಕುವ ಎಂಡೋಸ್ಕೋಪಿಯಲ್ಲಿ ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ತುಂಡು, ಇಷ್ಟೇ ಕಾಣುವುದು. ದೊಡ್ಡ ಕರುಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಕೆಳಗಿನಿಂದ ಕ್ಯಾಮೆರಾ ಹಾಕುವ ಕೊಲೊನೊಸ್ಕೋಪಿಯೇ ಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಕರುಳಿನ ಒಳಗೋಡೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ರಕ್ತದಲ್ಲಿ ಸಿಇಎ ಅಂತ ಒಂದು ಪರೀಕ್ಷೆ ಇದೆ, ಲ್ಯಾಬುಗಳು ಪ್ಯಾಕೇಜಿನಲ್ಲಿ ಸೇರಿಸಿ ಮಾರುತ್ತವೆ. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಚಿಕಿತ್ಸೆ ಹೇಗೆ ನಡೆಯುತ್ತಿದೆ ಅಂತ ನೋಡಲು ಅದು ಉಪಯೋಗಕ್ಕೆ ಬರುತ್ತದೆ. ಇದೆಯೋ ಇಲ್ಲವೋ ಅಂತ ಕಂಡುಹಿಡಿಯಲು ಅಲ್ಲ. ಶುರುವಿನ ಗಡ್ಡೆ ಇದ್ದರೂ ಅದು ನಾರ್ಮಲ್ ಇರಬಹುದು, ಏನೂ ಇಲ್ಲದ ಬೀಡಿ ಸೇದುವವರಲ್ಲೂ ಏರಿರಬಹುದು.

ಈಗ ರೂಮಿನೊಳಗೆ ಬನ್ನಿ. ಜನ ಇದನ್ನೇ ತಾನೇ ಹೆದರುವುದು.

ಎಡಮಗ್ಗುಲಾಗಿ ಮಲಗಿಸಿ ಮೊಣಕಾಲನ್ನು ಹೊಟ್ಟೆ ಕಡೆ ಮಡಚಿಸುತ್ತೇವೆ. ಬೇಕಾದ ಭಾಗ ಬಿಟ್ಟು ಉಳಿದದ್ದೆಲ್ಲಾ ಹೊದಿಸುತ್ತೇವೆ. ಕೈಗೆ ಸೂಜಿ ಹಾಕಿ ಮಂಪರು ಬರುವ ಔಷಧಿ ಕೊಡುತ್ತಾರೆ, ತುಂಬಾ ಜನಕ್ಕೆ ಆಮೇಲೆ ಏನೂ ನೆನಪಿರುವುದಿಲ್ಲ, "ಯಾವಾಗ ಶುರು ಮಾಡ್ತೀರಾ" ಅಂತ ಮುಗಿದ ಮೇಲೆ ಕೇಳುತ್ತಾರೆ! ಒಳಗೆ ಹೋಗುವ ಕೊಳವೆ ಬೆರಳಿನಷ್ಟು ದಪ್ಪ, ಬೇಕಾದ ಕಡೆ ಬಾಗುತ್ತದೆ, ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಅದರ ತುದಿವರೆಗೆ, ಅಂದರೆ ಸಣ್ಣ ಕರುಳು ಬಂದು ಸೇರುವ, ಅಪೆಂಡಿಕ್ಸ್‌ನ ಬಾಯಿ ಕಾಣುವ ಮೂಲೆವರೆಗೆ ಹೋಗಬೇಕು. ಹೋಗುವಾಗ ಗಾಳಿ ತುಂಬುವುದರಿಂದ ಹೊಟ್ಟೆ ಉಬ್ಬರ, ತಿರುವಿನಲ್ಲಿ ಸ್ವಲ್ಪ ಹಿಡಿದಂತೆ ನೋವು ಇರುತ್ತದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ನಿಜವಾದ ನೋಡುವ ಕೆಲಸ ವಾಪಸ್ ಬರುವಾಗ. ಪ್ರತಿ ಮಡಿಕೆಯ ಹಿಂದೆ ತಿರುಗಿಸಿ ತಿರುಗಿಸಿ ನೋಡುತ್ತಾ ನಿಧಾನಕ್ಕೆ ಹೊರಗೆ ತೆಗೆಯಬೇಕು, ಕನಿಷ್ಠ 6 ನಿಮಿಷವಾದರೂ ಬೇಕು ಅಂತ ಡಾಕ್ಟರುಗಳೇ ಮಾಡಿಕೊಂಡ ನಿಯಮ ಇದೆ. ರಿಪೋರ್ಟ್ ಕೈಗೆ ಬಂದಾಗ ಕೊನೆಯವರೆಗೆ ಹೋಗಿ ನೋಡಿದ್ದಾರಾ, ಕರುಳು ಕ್ಲೀನ್ ಆಗಿತ್ತಾ ಅನ್ನುವ ಎರಡು ವಿಷಯ ಕೇಳಿ. ಕೇಳುವುದು ನಿಮ್ಮ ಹಕ್ಕು, ಯಾವ ಒಳ್ಳೆ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆರೋಗ್ಯವಾಗಿರುವ ಕರುಳಿನ ಒಳಗೋಡೆ ತಿಳಿ ಗುಲಾಬಿ ಬಣ್ಣ, ನೀರು ಸವರಿದಂತೆ ಹೊಳೆಯುತ್ತದೆ, ಸಣ್ಣ ರಕ್ತನಾಳಗಳ ಕವಲು ಸ್ಪಷ್ಟವಾಗಿ ಕಾಣುತ್ತದೆ. ಪಾಲಿಪ್ ಅಂದರೆ ಆ ಗೋಡೆಯ ಮೇಲೆ ಎದ್ದ ಸಣ್ಣ ಬೆಳವಣಿಗೆ. ಕೆಲವು ತೊಟ್ಟಿನ ಮೇಲೆ ನಿಂತ ಅಣಬೆಯ ಹಾಗೆ ಕಾಣುತ್ತವೆ, ಕೆಲವು ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತವೆ, ಚಪ್ಪಟೆಯವು ಕಣ್ತಪ್ಪುವುದು ಜಾಸ್ತಿ. ಕ್ಯಾನ್ಸರ್ ಇವೆರಡಕ್ಕಿಂತ ಬೇರೆ. ಗೋಡೆ ಒರಟಾಗಿ ಎದ್ದಿರುತ್ತದೆ, ಅಂಚು ಮೇಲೆದ್ದು ಮಧ್ಯೆ ಗುಳಿ ಬಿದ್ದಿರುತ್ತದೆ, ಬಣ್ಣ ಕೆಟ್ಟಿರುತ್ತದೆ, ಕೊಳವೆ ತಾಗಿದರೆ ಸಾಕು ರಕ್ತ ಜಿನುಗುತ್ತದೆ. ಮಾಮೂಲಿ ಕರುಳು ಗಾಳಿ ಬಿಟ್ಟರೆ ಹಿಗ್ಗುತ್ತದೆ, ಗಡ್ಡೆ ಇರುವ ಜಾಗ ಹಿಗ್ಗುವುದಿಲ್ಲ. ಕೆಲವರಲ್ಲಿ ಸುತ್ತಲೂ ಬೆಳೆದು ದಾರಿ ಎಷ್ಟು ಸಣ್ಣದಾಗಿರುತ್ತದೆ ಅಂದರೆ ಕ್ಯಾಮೆರಾ ಮುಂದಕ್ಕೆ ಹೋಗುವುದಿಲ್ಲ, ಅಲ್ಲೇ ನಿಲ್ಲಿಸುತ್ತಾರೆ. ಅಂಥವರಿಗೆ ಮೇಲಿನ ಭಾಗ ಸಿ.ಟಿ. ಸ್ಕ್ಯಾನ್‌ನಲ್ಲಿ ನೋಡಿಕೊಂಡು, ಆಪರೇಷನ್ ಆದ ಮೇಲೆ ಮತ್ತೆ ಕೊಲೊನೊಸ್ಕೋಪಿ ಮಾಡಿ ಬೇರೆ ಕಡೆ ಇನ್ನೊಂದು ಇದೆಯಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ.

ನೋಡಿದ ತಕ್ಷಣ ಅನುಭವಿ ಡಾಕ್ಟರಿಗೆ ಗೊತ್ತಾಗಿಬಿಡುತ್ತದೆ, ಆದರೂ ಬಾಯಿಬಿಟ್ಟು ಹೇಳುವುದಿಲ್ಲ. ಬಯಾಪ್ಸಿ ಬರಬೇಕು. ಕೊಳವೆಯ ಒಳಗಿಂದ ಸಣ್ಣ ಚಿಮುಟ ಕಳಿಸಿ ಅಂಚಿನಿಂದ ಚೂರು ಚೂರು ತೆಗೆಯುತ್ತಾರೆ, ಒಂದಲ್ಲ, ಆರೆಂಟು ಚೂರು. ಒಂದೊಂದೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವ ಇರುವ ಸಣ್ಣ ಬಾಟಲಿಗೆ ಹಾಕಿ ಹೆಸರು ಬರೆದು ಲ್ಯಾಬಿಗೆ ಕಳಿಸುವುದು ನನ್ನ ಕೆಲಸ. ಕರುಳಿನ ಒಳಪದರಕ್ಕೆ ಚೂರು ತೆಗೆದ ನೋವು ಗೊತ್ತಾಗುವುದಿಲ್ಲ. ಆಪರೇಷನ್ ಮಾಡುವವರಿಗೆ ಹೊರಗಿನಿಂದ ಜಾಗ ಗುರುತು ಸಿಗಲಿ ಅಂತ ಗಡ್ಡೆಯ ಹತ್ತಿರ ಒಳಪದರಕ್ಕೆ ಕಪ್ಪು ಶಾಯಿಯ ಚುಚ್ಚುಮದ್ದು ಕೊಡುವುದೂ ಉಂಟು, ಹಚ್ಚೆ ಹಾಕಿದಂತೆ ಅದು ಅಲ್ಲೇ ಉಳಿಯುತ್ತದೆ.

"ತುಂಡು ತೆಗೆದ್ರೆ ಹರಡ್ತದಂತೆ, ಬೇಡ" ಅಂತ ಕೈ ಮುಗಿಯುವವರು ಇವತ್ತಿಗೂ ಇದ್ದಾರೆ. ಓದಿದವರೂ ಹೇಳುತ್ತಾರೆ. ಈ ಭಯ ಬಿಡಿ. ಕರುಳಿನ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ, ಹರಡುವುದು ತಡ ಮಾಡುವುದರಿಂದ. ಬಯಾಪ್ಸಿ ಇಲ್ಲದೆ ಯಾರೂ ಕೀಮೋ ಕೊಡುವುದಿಲ್ಲ, ಕೊಡಬಾರದು ಕೂಡ. ಕರುಳಿನ ಟಿ.ಬಿ.ಯೂ ನಮ್ಮಲ್ಲಿ ಇದೆ, ನೋಡಲು ಕೆಲವೊಮ್ಮೆ ಕ್ಯಾನ್ಸರಿನ ಹಾಗೇ ಕಾಣುತ್ತದೆ, ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ ಅದು. ಯಾವುದು ಅಂತ ಹೇಳುವುದು ಆ ಸಣ್ಣ ಬಾಟಲಿ.

ಕೊಲೊನೊಸ್ಕೋಪಿಯ ದೊಡ್ಡ ಲಾಭ ಕ್ಯಾನ್ಸರ್ ಹಿಡಿಯುವುದಷ್ಟೇ ಅಲ್ಲ. ಈ ಕ್ಯಾನ್ಸರ್ ಬಹುಪಾಲು ಪಾಲಿಪ್‌ನಿಂದ ಶುರುವಾಗುತ್ತದೆ, ಪಾಲಿಪ್ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಎಲ್ಲಾ ಪಾಲಿಪ್‌ಗಳೂ ಕೆಡುವುದಿಲ್ಲ, ಆದರೆ ಯಾವುದು ಕೆಡುತ್ತದೆ ಅಂತ ಕಾಯುತ್ತಾ ಕೂರುವ ಬದಲು ಕಂಡಾಗಲೇ ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆದುಬಿಡುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಅನ್ನುವ ಇಬ್ಬರು ಡಾಕ್ಟರುಗಳು ಹೀಗೆ ತೆಗೆದು ತೋರಿಸಿದರು. ಬರಬೇಕಾಗಿದ್ದ ಕ್ಯಾನ್ಸರನ್ನು ಬರುವ ಮೊದಲೇ ತೆಗೆದುಹಾಕಲು ಆಗುವ ಕಾಯಿಲೆಗಳು ಎಷ್ಟಿವೆ ಹೇಳಿ? ಅಮೆರಿಕದ ಲೆಕ್ಕದಲ್ಲಿ ಗಡ್ಡೆ ಕರುಳಿನೊಳಗೇ ಇದ್ದಾಗ ಸಿಕ್ಕಿದವರಲ್ಲಿ ನೂರಕ್ಕೆ ಸುಮಾರು 90 ಜನ ಐದು ವರ್ಷ ದಾಟುತ್ತಾರೆ, ಲಿವರ್ ಅಥವಾ ಶ್ವಾಸಕೋಶಕ್ಕೆ ಹರಡಿದ ಮೇಲೆ ಸಿಕ್ಕಿದವರಲ್ಲಿ ಸುಮಾರು 15. ಕಾಯಿಲೆ ಒಂದೇ, ಸಿಕ್ಕಿದ ಟೈಮ್ ಬೇರೆ.

ಅಪಾಯ ಇಲ್ವಾ? ಇದೆ. ಕರುಳು ತೂತಾಗುವುದು ಸಾವಿರದಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ, ದೊಡ್ಡ ಪಾಲಿಪ್ ತೆಗೆದಾಗ ಸ್ವಲ್ಪ ಜಾಸ್ತಿ. ತೆಗೆದ ಜಾಗದಿಂದ ರಕ್ತ ಬರಬಹುದು. ಮನೆಗೆ ಹೋದ ಮೇಲೆ ಹೊಟ್ಟೆ ಗಟ್ಟಿಯಾಗಿ ನೋವು, ಜ್ವರ, ಜಾಸ್ತಿ ರಕ್ತ ಬಂದರೆ ಕಾಯದೆ ವಾಪಸ್ ಬರಬೇಕು. ಸಹಿ ಹಾಕಿಸುವಾಗ ಇದನ್ನು ಕನ್ನಡದಲ್ಲಿ ಹೇಳಬೇಕು, ಎಷ್ಟೋ ಕಡೆ ಬರೀ ಸಹಿ ಹಾಕಿಸಿಕೊಳ್ಳುತ್ತಾರೆ.

ವಯಸ್ಸಿನ ಮಾತು. ಇದು ಮುದುಕರ ಕಾಯಿಲೆ ಅಂತ ತಿಳಿಯಬೇಡಿ. ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದರಿಂದಲೇ ತೀರಿಕೊಂಡಾಗ ಅವರಿಗೆ 43. ಚಿಕ್ಕ ವಯಸ್ಸಿನವರಲ್ಲಿ ಹೆಚ್ಚುತ್ತಿದೆ ಅಂತಲೇ ಅಮೆರಿಕದವರು ಯಾವ ತೊಂದರೆ ಇಲ್ಲದಿದ್ದರೂ ತಪಾಸಣೆ ಶುರು ಮಾಡುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರು ಇವೆ, ಕರುಳು ಇಲ್ಲ. ಇಲ್ಲಿ ಕಾಯಿಲೆ ಕಡಿಮೆ ಇರುವಾಗ ಎಲ್ಲರಿಗೂ ಕೊಲೊನೊಸ್ಕೋಪಿ ಮಾಡಿ ಅಂತ ನಾನು ಕೇಳುವುದಿಲ್ಲ, ಅಷ್ಟು ಡಾಕ್ಟರುಗಳೂ ಇಲ್ಲ, ಮೆಷಿನ್‌ಗಳೂ ಇಲ್ಲ. ತೊಂದರೆ ಇದೆ ಅಂತ ಬಂದವರಿಗಾದರೂ ಬೇಗ ಮಾಡಿ ಅಂತ ಕೇಳುತ್ತೇನೆ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ಯಾರಿಗಾದರೂ ಬಂದಿದ್ದರೆ ಮಾತು ಬೇರೆ. ತೊಂದರೆ ಇಲ್ಲದಿದ್ದರೂ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ನೋಡಿಸಿಕೊಳ್ಳಿ ಅಂತ ಡಾಕ್ಟರುಗಳು ಹೇಳುತ್ತಾರೆ. ಪಾಂಡವಪುರದ ಯಜಮಾನರ ಮಗನಿಗೂ ಇದನ್ನೇ ಹೇಳಿದ್ದಾರೆ. "ಕಬ್ಬು ಸಾಗಿಸಿಬಿಟ್ಟು ಬತ್ತೀನಿ ಸಾರ್" ಅಂದ. ಫ್ಯಾಕ್ಟರಿಯಿಂದ ಕಟಾವಿನ ಆರ್ಡರ್ ಬಂತೋ ಇಲ್ಲವೋ, ಅವನಂತೂ ಇನ್ನೂ ಬಂದಿಲ್ಲ. ಯಜಮಾನರಿಗೆ ಎಂ.ಆರ್.ಐ. ಆಗಿ, ರೇಡಿಯೇಷನ್, ಕೀಮೋ ಮುಗಿದು ಆಪರೇಷನ್ ಆಗಿದೆ. ಹೊಟ್ಟೆಗೆ ಚೀಲ ಹಾಕಿದ್ದಾರೆ, ಮುಂದೆ ತೆಗೆಯುತ್ತಾರಂತೆ. ಚೀಲ ಇಟ್ಟುಕೊಂಡೇ ಗದ್ದೆ ಕಡೆ ಓಡಾಡುತ್ತಾರೆ.

ಹೆಂಗಸರ ಬಗ್ಗೆ ಒಂದು ಮಾತು. ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡವರನ್ನು ನೋಡಿದ್ದೇನೆ. ಮುಟ್ಟಿನ ರಕ್ತವೋ ಹಿಂದಿನ ರಕ್ತವೋ ಅಂತಲೇ ಗೊಂದಲ ಮಾಡಿಕೊಂಡವರಿದ್ದಾರೆ. ಪರೀಕ್ಷೆಗೆ ಲೇಡಿ ಡಾಕ್ಟರ್ ಬೇಕು ಅಂತ ಧೈರ್ಯವಾಗಿ ಕೇಳಿ. ಸಿಗದಿದ್ದರೆ ಪಕ್ಕದಲ್ಲಿ ನರ್ಸ್ ಇರಲೇಬೇಕು, ಇರುತ್ತೇವೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಬಿ.ಪಿ., ಶುಗರ್ ವಿಚಾರಿಸುವಾಗ ಇದನ್ನೂ ಬಾಯಿಬಿಟ್ಟು ಕೇಳಿದರೆ ಎಷ್ಟೋ ಜನ ಹೇಳುತ್ತಾರೆ. ಯಾರೂ ಕೇಳಲಿಲ್ಲ ಅಂತಲೇ ಹೇಳದವರು ಜಾಸ್ತಿ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆಪರೇಷನ್, ಕೀಮೋಗೆ ಅದು ದೊಡ್ಡ ಆಸರೆ. ಆದರೆ ಯಾವ ಕಾಯಿಲೆ ಅಂತ ಗೊತ್ತಾಗುವ ಮೊದಲಿನ ಪರೀಕ್ಷೆಗೆ ಜನ ಜೇಬಿನಿಂದಲೇ ಹಾಕುವುದನ್ನು ನಾನು ನೋಡುತ್ತೇನೆ. ಎಷ್ಟೋ ಜನ ತಿರುಗಿ ಹೋಗುವುದು ಈ ಮೊದಲ ಮೆಟ್ಟಿಲಲ್ಲೇ. ಹಾಗಾಗಿ ಆರೋಗ್ಯ ಇಲಾಖೆಯವರಲ್ಲಿ ಕೇಳುವುದು ಇಷ್ಟು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ಹೋಗುತ್ತೆ ಅಂತ ಬಂದವರಿಗೆ ಬೆರಳಿಟ್ಟು ನೋಡುವುದು, ಪ್ರಾಕ್ಟೋಸ್ಕೋಪ್ ಅನ್ನುವ ಸಣ್ಣ ಕೊಳವೆ ಇಟ್ಟು ಗುದದ್ವಾರದ ಒಳಗೆ ನೋಡುವುದು ಕಡ್ಡಾಯ ಆಗಲಿ, ಚೀಟಿಯಲ್ಲಿ ನೋಡಿದ್ದು ಏನು ಅಂತ ಬರೆಯಲಿ. ಅನುಮಾನ ಇದ್ದವರನ್ನು ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕಳಿಸುವಾಗ ಇಂಥ ದಿನ ಹೋಗಿ ಅಂತ ದಿನ ಗೊತ್ತುಮಾಡಿ ಕಳಿಸಲಿ. ಒಂದು ದಿನದ ಕೂಲಿ ಬಿಟ್ಟು ಬಂದವನನ್ನು ನಾಳೆ ಬಾ ಅಂದರೆ ಅವನು ಬರುವುದು ಆರು ತಿಂಗಳ ಮೇಲೆ. ಏಜೆಂಟರ ಹತ್ತಿರ ಮಾತಾಡಿ ಆ ಕರಪತ್ರ ನಿಲ್ಲಿಸಲು ಆಗುತ್ತದಾ ಅಂತ ನೀವೂ ನೋಡಿ ಸಂಪಾದಕರೇ, ಆಗದಿದ್ದರೆ ಆರೋಗ್ಯ ಪುಟದಲ್ಲಿ ಈ ವಿಷಯ ಒಮ್ಮೆ ಬರಲಿ.

ಕೊನೆಗೆ ಆಸ್ಪತ್ರೆಗಳಿಗೆ ಒಂದು ಮನವಿ. ಕೊಲೊನೊಸ್ಕೋಪಿಗೆ ಮೊದಲು ಕೊಡುವ ಸೂಚನೆಯ ಹಾಳೆ ತುಂಬಾ ಕಡೆ ಇಂಗ್ಲಿಷಿನಲ್ಲಿರುತ್ತದೆ. ಕೆ.ಆರ್. ಪೇಟೆಯಿಂದ ಬಂದ ಅಜ್ಜಿಗೆ ಅದರಿಂದ ಏನು ಪ್ರಯೋಜನ? ಮುದ್ದೆ, ಹುರುಳಿ ಕಾಳಿನ ಸಾರು ತಿಂದು ಬರುತ್ತಾರೆ, ಕರುಳು ಕ್ಲೀನ್ ಇರುವುದಿಲ್ಲ, ಏನೂ ಕಾಣುವುದಿಲ್ಲ, ಇನ್ನೊಂದು ದಿನ ಬನ್ನಿ ಅನ್ನಬೇಕಾಗುತ್ತದೆ. ಅದಕ್ಕೇ ನಾನೇ ಕನ್ನಡದಲ್ಲಿ ಕೈಯಲ್ಲಿ ಬರೆದು, ನಮ್ಮ ಡಾಕ್ಟರಿಗೆ ತೋರಿಸಿ, ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಇರುವುದು ಹೀಗೆ. ಎರಡು ಮೂರು ದಿನ ಮೊದಲಿಂದ ಮುದ್ದೆ, ಸೊಪ್ಪು, ಕಾಳು, ಬೀಜ ಇರುವ ಸೀಬೆ, ಟೊಮೆಟೊ, ದಾಳಿಂಬೆ ಬೇಡ. ಬಿಳಿ ಅನ್ನ, ಇಡ್ಲಿ, ಮೊಸರು ಆಗಬಹುದು. ಹಿಂದಿನ ದಿನ ಸೋಸಿದ ತಿಳಿಸಾರು, ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ಮಜ್ಜಿಗೆ, ಹಾಲು ಬೇಡ, ಕೆಂಪು ಬಣ್ಣದ ಪಾನಕ, ಬೀಟ್ರೂಟ್ ಬೇಡವೇ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಕರುಳು ಕ್ಲೀನ್ ಆಗಲು ಕೊಡುವ ಪುಡಿಯನ್ನು ಹೇಳಿದಷ್ಟು ನೀರಿನಲ್ಲಿ, ಸಾಮಾನ್ಯವಾಗಿ 2 ಲೀಟರ್, ಕಲಸಿ ಅರ್ಧ ಸಂಜೆ, ಅರ್ಧ ಬೆಳಗಿನ ಜಾವ ಕುಡಿಯಬೇಕು. ರುಚಿ ಚೆನ್ನಾಗಿರಲ್ಲ, ತಣ್ಣಗೆ ಮಾಡಿ ಕುಡಿಯಿರಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು, ಚರಟ ಇದ್ದರೆ ಬಂದ ಕೂಡಲೇ ಹೇಳಿ. ಐರನ್ ಮಾತ್ರೆ ಒಂದು ವಾರ ಮೊದಲೇ ನಿಲ್ಲಿಸಲು ಡಾಕ್ಟರನ್ನು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಕಿಡ್ನಿ, ಹೃದಯದ ತೊಂದರೆ ಇರುವವರು ನೀವಾಗೇ ಏನೂ ನಿಲ್ಲಿಸಬೇಡಿ, ಮೊದಲೇ ಬಂದು ಹೇಳಿ. ಬರುವಾಗ ಜೊತೆಗೆ ಒಬ್ಬರು ಬರಲಿ, ಮಂಪರಿನಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗುವ ಹಾಗಿಲ್ಲ.

ಯಾವ ಆಸ್ಪತ್ರೆಯವರಾದರೂ ಇದನ್ನು ತಮ್ಮ ಡಾಕ್ಟರಿಗೆ ತೋರಿಸಿ ಬೇಕಾದಂತೆ ತಿದ್ದಿಕೊಂಡು ಪ್ರಿಂಟ್ ಹಾಕಿಸಲಿ. ನನ್ನ ಹೆಸರೇನೂ ಬೇಡ. ಅಕ್ಷರ ಮಾತ್ರ ದೊಡ್ಡದಾಗಿರಲಿ, ಕನ್ನಡಕ ಮನೆಯಲ್ಲಿ ಬಿಟ್ಟು ಬರುವವರೇ ಜಾಸ್ತಿ.

ಇತಿ,
ಒಬ್ಬ ಸ್ಟಾಫ್ ನರ್ಸ್, ಮಂಡ್ಯ